ಮೂತಿ ಮೇಲಿನ ನಕ್ಷತ್ರಕ್ಕೆ ಎಷ್ಟು ಬೆಲೆ?

ಸೆಕೆಂಡ್ ಹ್ಯಾಂಡ್ ಕಾರಿನ ಆ್ಯಪ್ ತೆರೆದು ‘20 ಲಕ್ಷದೊಳಗೆ’ ಅಂತ ಫಿಲ್ಟರ್ ಹಾಕಿ ನೋಡಿ. ಹೊಸ ಕ್ರೆಟಾ ಬೆಲೆಗೆ ಏಳೆಂಟು ವರ್ಷ ಹಳೆಯ ಬೆಂಜ್, ಬಿಎಂಡಬ್ಲ್ಯೂ, ಆಡಿ ಸಾಲಾಗಿ ನಿಂತಿರುತ್ತವೆ. ಹೊಸದರಲ್ಲಿ 45–50 ಲಕ್ಷ ಬಾಳಿದ ಗಾಡಿಗಳು. ಇಎಂಐ ಲೆಕ್ಕ ಹಾಕಿದರೆ ಕೈಗೆಟಕುವಂತೆಯೇ ಕಾಣುತ್ತದೆ. ಊರಲ್ಲಿ ಅಪ್ಪ ‘ನಮ್ ಹುಡುಗ ಬೆಂಜ್ ತಗೊಂಡ’ ಅಂತ ಹೇಳಿಕೊಂಡು ಓಡಾಡೋದೂ ಕಣ್ಣ ಮುಂದೆ ಬಂದುಹೋಗುತ್ತದೆ. ಮನಸ್ಸು ಜಾರದೇ ಇರುತ್ತದೆಯೇ?

ಅದೇ ಆ್ಯಪ್‌ನಲ್ಲಿ ಅಷ್ಟೇ ವಯಸ್ಸಿನ ಇನ್ನೋವಾ ಹುಡುಕಿ. ಬೆಲೆ ಅಷ್ಟಾಗಿ ಇಳಿದೇ ಇರೋದಿಲ್ಲ. ‘ದೊಡ್ಡ ಹೆಸರಿನ’ ಕಾರು ಅರ್ಧಕ್ಕಿಂತ ಕೆಳಗೆ ಬಿದ್ದಿದೆ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಲ್ಲುವ ಕಾರು ತಲೆ ಎತ್ತಿಕೊಂಡಿದೆ. ಹಳೇ ಕಾರು ಕೊಳ್ಳುವವರು ಎರಡರ ಬಗ್ಗೆಯೂ ಏನು ತಿಳಿದುಕೊಂಡಿದ್ದಾರೆ ಅನ್ನೋದು ಆ ಬೆಲೆಯಲ್ಲೇ ಇದೆ.

ಹಾಗಂತ ಬೆಂಜ್‌ನ ಹೆಸರು ಬರೀ ಜಾಹೀರಾತಿನಿಂದ ಬಂದದ್ದಲ್ಲ. ಎಪ್ಪತ್ತು–ಎಂಬತ್ತರ ದಶಕದಲ್ಲಿ ಆ ಕಂಪನಿಯ ಡೀಸೆಲ್ ಕಾರುಗಳು ಜರ್ಮನಿಯಿಂದ ಮೊರಾಕ್ಕೋವರೆಗೆ ಟ್ಯಾಕ್ಸಿಗಳಾಗಿ ದುಡಿದವು. ಗ್ರೀಸ್‌ನ ಟ್ಯಾಕ್ಸಿ ಚಾಲಕರೊಬ್ಬರ 1976ರ 240 ಡಿ ಕಾರು 46 ಲಕ್ಷ ಕಿಲೋಮೀಟರ್ ಓಡಿ, 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರಿತು. ಎಂಜಿನ್ ಹಲವು ಸಲ ಬದಲಾಗಿತ್ತು, ಅದನ್ನೂ ಹೇಳಿಬಿಡಬೇಕು. ಸುರಕ್ಷತೆಯಲ್ಲೂ ಅಷ್ಟೇ: ಎಲೆಕ್ಟ್ರಾನಿಕ್ ಎಬಿಎಸ್ ಬ್ರೇಕ್ 1978ರಲ್ಲೇ ಎಸ್ ಕ್ಲಾಸ್‌ನಲ್ಲಿ ಬಂತು.

ತೊಂದರೆ ಏನೆಂದರೆ, ಆ ಕಾಲದ ಕಾರುಗಳು ಗಳಿಸಿದ ಹೆಸರನ್ನು ಆಮೇಲಿನ ಕಾರುಗಳು ಖರ್ಚು ಮಾಡಿದವು. 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಹೊಸ ಎ ಕ್ಲಾಸ್ ಕಾರನ್ನು, ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ರೀತಿಯಲ್ಲಿ ಗಕ್ಕನೆ ತಿರುಗಿಸಿ ಪರೀಕ್ಷೆ ಮಾಡಿತು. ಕಾರು ಮಗುಚಿಕೊಂಡಿತು! ಡೆಲಿವರಿ ನಿಲ್ಲಿಸಿ, ಪ್ರತಿ ಕಾರಿಗೂ ಇಎಸ್‌ಪಿ ಅನ್ನುವ ಹಿಡಿತ ತಪ್ಪದಂಥ ವ್ಯವಸ್ಥೆ ಹಾಕಿಕೊಟ್ಟರು. ಸಣ್ಣ ಕಾರುಗಳಿಗೂ ಇಎಸ್‌ಪಿ ಬರುವಂತಾಗಲು ಆ ಪಲ್ಟಿಯೂ ಒಂದು ಕಾರಣ. ಅದೇ ದಶಕದ ಇ ಕ್ಲಾಸ್‌ಗೆ ಯುರೋಪಿನಲ್ಲಿ ತುಕ್ಕಿನ ಕೆಟ್ಟ ಹೆಸರು. 2005ರಲ್ಲಿ ಬ್ರೇಕ್ ಮತ್ತು ವಿದ್ಯುತ್ ವ್ಯವಸ್ಥೆಯ ದೋಷಕ್ಕೆ 13 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು.

ಉಳಿದ ಜರ್ಮನ್ನರದೂ ಇಂಥದ್ದೇ ಕಥೆ. ಬಿಎಂಡಬ್ಲ್ಯೂ 320ಡಿಯಲ್ಲಿ ಒಂದು ಕಾಲಕ್ಕೆ ಬರುತ್ತಿದ್ದ ಎನ್47 ಡೀಸೆಲ್ ಎಂಜಿನ್ ಓಡಿಸಲು ಸೊಗಸು. ಆದರೆ ಬೇಗ ಸವೆಯುತ್ತದೆ ಅನ್ನೋ ದೂರು ಬಂದ ಅದರ ಟೈಮಿಂಗ್ ಚೈನ್ ಇದ್ದದ್ದು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆಗೆ. ಅದನ್ನು ಬದಲಿಸೋದು ಅಂದರೆ ದೊಡ್ಡ ಆಪರೇಷನ್ನೇ. ಇನ್ನು ಫೋಕ್ಸ್‌ವ್ಯಾಗನ್ ಬಳಗ 2015ರಲ್ಲಿ ಸಿಕ್ಕಿಬಿದ್ದದ್ದು ನೆನಪಿರಬಹುದು. ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್! ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು, ಆಡಿಯೂ ಸೇರಿ. ಭಾರತದಲ್ಲೂ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಲು ಕರೆಸಿದರು. ತಾಂತ್ರಿಕ ದೋಷವನ್ನು ಕ್ಷಮಿಸಬಹುದು, ಇದು ದೋಷ ಅಲ್ವಲ್ಲ.

ಹೆಸರಿಗೆ ತಕ್ಕಂತೆ ನಡೆದುಕೊಂಡವರು ಯಾರಾದರೂ ಇದ್ದಾರಾ? ನನ್ನ ಪ್ರಕಾರ ಲೆಕ್ಸಸ್. ಟೊಯೊಟಾದ ಈ ಐಷಾರಾಮಿ ಬ್ರ್ಯಾಂಡ್ ಅಮೆರಿಕದಲ್ಲಿ ಶುರುವಾದದ್ದು 1989ರಲ್ಲಿ. ಕೆಲವೇ ತಿಂಗಳಲ್ಲಿ ಎಲ್‌ಎಸ್ 400 ಕಾರಿನ ಬ್ರೇಕ್ ಲೈಟ್, ಕ್ರೂಸ್ ಕಂಟ್ರೋಲ್‌ಗಳಲ್ಲಿ ದೋಷ ಕಂಡಿತು. ಹೊಸ ಬ್ರ್ಯಾಂಡಿಗೆ ಇಷ್ಟು ಸಾಕು, ಮುಳುಗಿಹೋಗೋಕೆ. ಅವರು ಸುಮಾರು 8 ಸಾವಿರ ಮಾಲೀಕರನ್ನೂ ಸಂಪರ್ಕಿಸಿ, ಬೇಕಾದವರ ಮನೆಗೇ ಹೋಗಿ ಕಾರು ತಂದು, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ವಾಪಸ್ ಕೊಟ್ಟರು. ಆಮೇಲೆ ಅಮೆರಿಕದ ಜೆ.ಡಿ. ಪವರ್ ಸಮೀಕ್ಷೆಗಳಲ್ಲಿ ಹೆಚ್ಚು ಕಾಲ ಕೆಡದ ಕಾರುಗಳ ಸಾಲಿನಲ್ಲಿ ಲೆಕ್ಸಸ್ ಮತ್ತೆ ಮತ್ತೆ ಮೊದಲು ಬಂತು. ಅವರೇನು ದೇವರಲ್ಲ ಬಿಡಿ. ಆಕ್ಸಿಲರೇಟರ್ ಸಿಕ್ಕಿಕೊಳ್ಳುವ ದೋಷವನ್ನು ಮುಚ್ಚಿಟ್ಟದ್ದಕ್ಕೆ ಟೊಯೊಟಾ 2014ರಲ್ಲಿ ಅಮೆರಿಕದಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದೆ. ಅಂದಹಾಗೆ, ಭಾರತದ ಲೆಕ್ಸಸ್ ಇಎಸ್ 300ಎಚ್ 2020ರಿಂದ ಜೋಡಣೆಯಾಗಿ ಬರೋದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ, ತಟ್ಟೆ ಇಡ್ಲಿಯ ಊರಲ್ಲಿ!

ಸರಿ, ಆ ಆ್ಯಪ್‌ನಲ್ಲಿ ಕಂಡ ಬೆಂಜ್ ತಗೊಳ್ಳೋದಾ, ಬೇಡವಾ? ಓಡಿಸೋ ಸುಖ ಸುಳ್ಳಲ್ಲ. 100ರ ವೇಗದಲ್ಲೂ ಗಾಡಿ ನೆಲಕ್ಕೆ ಕಚ್ಚಿಕೊಂಡಂತೆ ಹೋಗೋದು, ಬ್ರೇಕ್ ಒತ್ತಿದ ಕಡೆ ನಿಲ್ಲೋದು, ಬಾಗಿಲು ಹಾಕಿದಾಗ ಬರುವ ಆ ‘ಧಪ್’ ಸದ್ದು, ಇದೆಲ್ಲ ನಿಜ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಗೊತ್ತಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಾತ್ರ ಬೆಂಜೂ ಒಂದೇ, ಆಲ್ಟೋನೂ ಒಂದೇ.

ಆದರೆ ಒಂದು ಮಾತು ಮರೀಬೇಡಿ. ಕಾರಿನ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿದಿರೋದಿಲ್ಲ. ನೀವು ಕೊಂಡದ್ದು 18 ಲಕ್ಷಕ್ಕೆ ಇರಬಹುದು, ಅದರ ಹೆಡ್‌ಲೈಟು, ಏರ್ ಸಸ್ಪೆನ್ಷನ್ನು, ಗೇರ್‌ಬಾಕ್ಸು ಈಗಲೂ 50 ಲಕ್ಷದ ಕಾರಿನವೇ. ಮೊದಲ ಮಾಲೀಕರಲ್ಲಿ ಬಹಳ ಜನ ವಾರಂಟಿ ಮುಗಿಯುವ ಹೊತ್ತಿಗೇ ಮಾರುತ್ತಾರೆ. ಆ ಖರ್ಚು ಬರೋದು ಎರಡನೆಯವರ ಪಾಲಿಗೆ. ಬಹಳಷ್ಟು ಬಿಎಂಡಬ್ಲ್ಯೂಗಳಲ್ಲಿ ರನ್‌ಫ್ಲ್ಯಾಟ್ ಟಯರ್ ಇರುತ್ತದೆ, ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ಅದರ ಪಕ್ಕೆ ಗಟ್ಟಿ, ಹಾಗಾಗಿ ನಮ್ಮ ಗುಂಡಿಗಳ ಏಟು ನೇರ ರಿಮ್ಮಿಗೂ ಸೊಂಟಕ್ಕೂ.

ಹಾಗಾಗಿ ಟೆಸ್ಟ್ ಡ್ರೈವ್‌ಗಿಂತ ಮೊದಲು ಸರ್ವೀಸ್ ಹಿಸ್ಟರಿ ಕೇಳಿ. ‘ಹೊರಗಡೆ ಮಾಡಿಸಿದ್ವಿ ಸಾರ್, ಬಿಲ್ ಇಲ್ಲ’ ಅಂದರೆ ನಮಸ್ಕಾರ ಹೇಳಿ ಬನ್ನಿ. ವಾರಂಟಿ ವಿಸ್ತರಿಸಬಹುದಾ ಅಂತ ಕಂಪನಿಯ ಶೋರೂಮಿನಲ್ಲೇ ವಿಚಾರಿಸಿ. ಕಾರು ಕೊಂಡ ಮೇಲೂ ಎರಡು ಲಕ್ಷ ಪಕ್ಕಕ್ಕಿಡೋಕೆ ಆಗದಿದ್ದರೆ ಆ ಕಾರು ನಿಮ್ಮ ಬಜೆಟ್ಟಿನದ್ದಲ್ಲ, ನಾನು ಹೇಳೋದು ಇಷ್ಟೇ.

ಇನ್ನು ‘ದೆಹಲಿ ಗಾಡಿ, ಅಗ್ಗ’ ಅನ್ನೋರು ಸಿಕ್ಕೇ ಸಿಗುತ್ತಾರೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಐಷಾರಾಮಿ ಡೀಸೆಲ್ ಕಾರುಗಳು ಹೊರರಾಜ್ಯಗಳಿಗೆ ಹರಿದುಬಂದವು. ಅವನ್ನು ಇಲ್ಲಿ ಕಾಯಂ ಆಗಿ ಓಡಿಸಬೇಕಾದರೆ ಕರ್ನಾಟಕದ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಪೆಟ್ರೋಲ್–ಡೀಸೆಲ್ ಕಾರಿಗೆ ಇಲ್ಲಿ ಅದು ಶೇ 18. ವಯಸ್ಸಾದಂತೆ ಕಡಿಮೆಯಾಗುತ್ತದೆ ನಿಜ, ಆದರೆ ಲೆಕ್ಕ ಶುರುವಾಗೋದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರಿನ ಮೂಲ ಬೆಲೆಯಿಂದ. ಅಡ್ವಾನ್ಸ್ ಕೊಡುವ ಮೊದಲು ಎನ್‌ಒಸಿ ಇದೆಯಾ ನೋಡಿ, ಆರ್‌ಟಿಒದಲ್ಲಿ ಆ ಮೊತ್ತ ಎಷ್ಟಾಗುತ್ತೆ ಅಂತ ಒಮ್ಮೆ ಕೇಳಿಕೊಂಡು ಬನ್ನಿ.