ಉತಾರದ 2.20 ಯಂತ್ರಕ್ಕೆ ಎಷ್ಟು?

ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಕ್ಷೇತ್ರ 2.20 ಎಂದಿದ್ದರೆ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯ ರೈತರಿಗೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಂತೆ ಎರಡೂವರೆ ಎಕರೆ. ಅದನ್ನೇ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ ಆಜ್ಞೆಗೆ ಕೊಟ್ಟರೆ ಉತ್ತರ 2. ಇಪ್ಪತ್ತು ಗುಂಟೆ ಹೊಲ ಸದ್ದಿಲ್ಲದೆ ಮಾಯ. ದಶಮಾಂಶವೆಂದು ಓದಿಸಿದರೂ 2 ಎಕರೆ 8 ಗುಂಟೆಯಷ್ಟೇ ಉಳಿಯುತ್ತದೆ.

ನಾವು ಟೈಪ್ ಮಾಡಿದ್ದು ಕಂಪ್ಯೂಟರಿಗೆ ಮೊದಲು ಬರೀ ಅಕ್ಷರಗಳ ಸಾಲು. ಒಂದೊಂದಕ್ಕೂ ಸಂಕೇತವಿದೆ: ‘0’ಕ್ಕೆ 48, ‘8’ಕ್ಕೆ 56. 56ರಲ್ಲಿ 48 ಕಳೆದರೆ ಎಂಟು. ಹೀಗೆ ಎಡದಿಂದ ಒಂದೊಂದೇ ಅಂಕಿ ಎತ್ತಿಕೊಂಡು, ಅಲ್ಲಿಯವರೆಗಿನ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಹೊಸದನ್ನು ಕೂಡಿಸುತ್ತ ಹೋಗುತ್ತದೆ: ‘836’ ಇದ್ದರೆ 8, 83, 836. ನಡುವೆ ಅಂಕಿಯಲ್ಲದ್ದು ಬಂದರೆ? ಪಾರ್ಸ್‌ಇಂಟ್ ಅಲ್ಲಿಗೇ ನಿಂತು ಸಿಕ್ಕಷ್ಟನ್ನು ಒಪ್ಪಿಸುತ್ತದೆ. ‘1,25,000’ ರೂಪಾಯಿ 1 ಆಗುತ್ತದೆ. ಪೈಥಾನ್‌ನ ‘ಇಂಟ್’ ತಕರಾರು ತೆಗೆದು ನಿಲ್ಲುತ್ತದೆ. ಕಿರಿಕಿರಿ ನಿಜ, ಆದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹುಬ್ಬಳ್ಳಿ-ಧಾರವಾಡದ ಎಸ್‌ಟಿಡಿ ಕೋಡ್ 0836ರ ಪಾಡು ಬೇರೆ. ಮುಂದೆ ಸೊನ್ನೆಯಿದ್ದರೆ ಅದು ಎಂಟರ ಎಣಿಕೆ ಎಂಬ ರೂಢಿ ಸಿ ಭಾಷೆಯಲ್ಲಿದೆ. ಆ ಎಣಿಕೆಯಲ್ಲಿ 8, 9 ಇಲ್ಲವೇ ಇಲ್ಲ. ಇದನ್ನೇ ನಂಬಿದ್ದ ಹಳೆಯ ಬ್ರೌಸರ್‌ಗಳು ಸೊನ್ನೆ ಓದಿ, 8 ಕಂಡೊಡನೆ ನಿಂತು, 0 ಎನ್ನುತ್ತಿದ್ದವು. ಜಾವಾಸ್ಕ್ರಿಪ್ಟ್‌ನ 2009ರ ಮಾನಕ ಎಕ್ಮಾಸ್ಕ್ರಿಪ್ಟ್ 5 ಪಾರ್ಸ್‌ಇಂಟ್‌ಗೆ ಈ ರೂಢಿ ಬಿಡಿಸಿತು. ಈಗ 836 ಬರುತ್ತದೆ. ಮುಂದಿನ ಸೊನ್ನೆ ಮಾತ್ರ ಬರುವುದಿಲ್ಲ.

ಮೊಬೈಲ್ ನಂಬರಿನದು ಗಾತ್ರದ ತೊಂದರೆ. ಜಾವಾದ 32 ಬಿಟ್‌ಗಳ ‘ಇಂಟ್’ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಹತ್ತಂಕಿಯ ನಂಬರುಗಳು 6, 7, 8, 9ರಿಂದ ಶುರುವಾಗುತ್ತವೆ, ಒಂದೂ ಹಿಡಿಸದು.

ಇನ್ನು ಕನ್ನಡದ ‘೦೮೩೬’. ಯೂನಿಕೋಡ್‌ನಲ್ಲಿ ‘೮’ರ ಸಂಕೇತ 3310, ಪಾರ್ಸ್‌ಇಂಟ್‌ಗೆ ಅದು ಅಂಕಿಯೇ ಅಲ್ಲ. ಪೈಥಾನ್, ಜಾವಾ ಎರಡೂ 836 ಎಂದು ಸರಿಯಾಗಿ ಓದುತ್ತವೆ. ಸೊನ್ನೆಯ ಬದಲು ನೋಡಲು ಹಾಗೇ ಇರುವ ಅನುಸ್ವಾರ ಒತ್ತಿದ್ದರೆ ಅವೂ ಒಪ್ಪುವುದಿಲ್ಲ.

ಹೊಲದ ಕ್ಷೇತ್ರದಂತೆ ಲೆಕ್ಕಕ್ಕೆ ಬೇಕಾದದ್ದನ್ನು ಗುಂಟೆಗೆ ಇಳಿಸಿ 100 ಎಂದಿಡುವುದು ಕ್ಷೇಮ. ಓದಿಸುವಾಗ ಕೊನೆಯ ಅಕ್ಷರದವರೆಗೂ ಓದಿತೇ ಎಂದು ನೋಡಿಕೊಳ್ಳಬೇಕು. ಯಾರೂ ಕೂಡಿಸಿ ಕಳೆಯದ ಫೋನ್ ನಂಬರು, ಸರ್ವೆ ನಂಬರುಗಳು ಅಕ್ಷರಗಳಾಗಿಯೇ ಇರಲಿ. ‘45/2’ ಎಂಬ ಸರ್ವೆ ನಂಬರನ್ನು ಪಾರ್ಸ್‌ಇಂಟ್‌ನಿಂದ ಸಂಖ್ಯೆ ಮಾಡಹೋದರೆ ಹಿಸ್ಸಾ ಸೂಚಿಸುವ 2 ಉದುರಿ 45 ಉಳಿಯುತ್ತದೆ. ಆ ನಂಬರಿನಲ್ಲಿ ಪಕ್ಕದವರ ಹೊಲವೂ ಇದೆ.