ಪೆನಾಂಗಿನ ತೈಪೂಸಮ್, ಕೆಡಾದ ನೀರು

ಮಲೇಷ್ಯಾದ ಪೆನಾಂಗಿನಲ್ಲಿ ತೈಪೂಸಮ್ ಹಬ್ಬದ ಜನಸಾಗರ ಹೊರಡುವುದು ಎಲ್ಲಿಗೆ?
ಜಲಪಾತದ ಪಕ್ಕದ ಬೆಟ್ಟಕ್ಕೆ.
513 ಮೆಟ್ಟಿಲು ಹತ್ತಿದರೆ ಮುರುಗನ ಗುಡಿ.
ಬೆಳ್ಳಿ ರಥ, ಬಂಗಾರದ ರಥ,
ಕಾವಡಿ, ಹಾಲಿನ ಕೊಡ,
ದಾರಿಯುದ್ದಕ್ಕೂ ಒಡೆದ ತೆಂಗಿನಕಾಯಿಗಳ ರಾಶಿ.

ಒಂದು ಕಾಲಕ್ಕೆ ಪೆನಾಂಗಿನ ನಗರ ಜಾರ್ಜ್‌ಟೌನ್ ಕುಡಿದದ್ದು
ಇದೇ ಜಲಪಾತದ ನೀರು.
ಈಗ ಅದು ಯಾವ ಮೂಲೆಗೂ ಸಾಲದು.
ಪೆನಾಂಗಿನ ನೀರಿನಲ್ಲಿ ಸುಮಾರು ಶೇ. 80ರಷ್ಟು ಮುದಾ ನದಿಯದು.

ಆ ನದಿ ಹುಟ್ಟುವುದು ನೆರೆಯ ಕೆಡಾ ರಾಜ್ಯದಲ್ಲಿ.
ಕಾವೇರಿ ಜಗಳ ಕಂಡವರಿಗೆ ಮುಂದಿನದು ಗೊತ್ತೇ ಇದೆ.

ಕೆಡಾ ಹೇಳುವುದು:
ನದಿಯ ಮೂಲದ ಉಲು ಮುದಾ ಕಾಡು ಕಾಯುವವರು ನಾವು,
ನೀರಿಗೆ ಹಣ ಕೊಡಿ.

ಪೆನಾಂಗಿನ ಉತ್ತರ:
1869ರ ಬ್ರಿಟಿಷ್-ಸಯಾಂ ಒಪ್ಪಂದದಂತೆ ನದಿಯ ಈ ದಡ ನಮ್ಮದು,
ಇಲ್ಲಿ ಎತ್ತುವ ನೀರಿಗೆ ದುಡ್ಡೇಕೆ?

ಇತ್ತ ಕೆಡಾದ ಭತ್ತದ ಗದ್ದೆಗಳಿಗೂ
ಮುದಾ ನೀರೇ ಬೇಕು.