ಸಂಗ್ರಹದ ಕಾರ್ಡುಗಳು ಮತ್ತು ಕೃತಕ ಬುದ್ಧಿಮತ್ತೆಯ ಬೆಲೆಗಟ್ಟುವಿಕೆ

ಆಟಗಾರರ ಅಥವಾ ಕಾಲ್ಪನಿಕ ಪಾತ್ರಗಳ ಚಿತ್ರವುಳ್ಳ, ಕೊಂಡು ಕೂಡಿಡುವುದಕ್ಕೂ ಪರಸ್ಪರ ಬದಲಾಯಿಸಿಕೊಳ್ಳುವುದಕ್ಕೂ ಮುದ್ರಿಸುವ ರಟ್ಟಿನ ಕಾರ್ಡುಗಳಿಗೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟಿನ ಪೊಟ್ಟಣದೊಳಗಿಟ್ಟು ಹಂಚಿದ ಬೇಸ್‌ಬಾಲ್ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಅವರ ಚಿತ್ರವಿದ್ದ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ ಮಿಕಿ ಮ್ಯಾಂಟಲ್ ಕಾರ್ಡಿನ ಒಂದು ಪ್ರತಿಗೆ 2022ರಲ್ಲೇ 1.26 ಕೋಟಿ ಡಾಲರ್ ಸಿಕ್ಕಿತು. 1993ರಲ್ಲಿ ಬಂದ ಮ್ಯಾಜಿಕ್ ಮತ್ತು 1996ರಲ್ಲಿ ಜಪಾನಿನಲ್ಲಿ ಆರಂಭವಾದ ಪೋಕೆಮಾನ್ ಎಂಬ ಕಾರ್ಡಿನಾಟಗಳು ಈ ಹವ್ಯಾಸವನ್ನು ಕ್ರೀಡೆಯ ಆಚೆಗೂ ಹಬ್ಬಿಸಿದವು. ಹಳೆಯ ಪೆಟ್ಟಿಗೆಯಲ್ಲಿ ನೂರಾರು ಕಾರ್ಡು ಉಳಿಸಿಕೊಂಡವರು ಅವುಗಳ ಹೆಸರು, ವರ್ಷ, ಬೆಲೆ ತಿಳಿಯಲು ಹಿಂದೆ ದಪ್ಪ ಕೈಪಿಡಿಗಳನ್ನೋ ಅನುಭವಿ ವ್ಯಾಪಾರಿಗಳನ್ನೋ ಅವಲಂಬಿಸಬೇಕಿತ್ತು. ಈಗ ಆ ಕೆಲಸದ ದೊಡ್ಡ ಭಾಗವನ್ನು ಮೊಬೈಲ್ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ವಹಿಸಿಕೊಂಡಿವೆ.

ಇಂಥ ಆ್ಯಪ್ ಮೊದಲು ಚಿತ್ರದಲ್ಲಿ ಕಾರ್ಡಿನ ನಾಲ್ಕು ಅಂಚುಗಳನ್ನು ಪತ್ತೆಹಚ್ಚಿ, ಓರೆಯಾಗಿ ತೆಗೆದ ಫೋಟೋವನ್ನು ನೇರವಾದ ಆಯತವಾಗಿ ತಿದ್ದಿಕೊಳ್ಳುತ್ತದೆ. ಬಳಿಕ ಅದರ ಬಣ್ಣ, ರೇಖೆ, ವಿನ್ಯಾಸಗಳನ್ನು ಸಂಖ್ಯೆಗಳ ಒಂದು ಉದ್ದನೆಯ ಸಾಲಾಗಿ ಬದಲಾಯಿಸಿ, ತನ್ನ ಭಂಡಾರದಲ್ಲಿರುವ ಲಕ್ಷಾಂತರ ಕಾರ್ಡುಗಳ ಅಂಥದೇ ಸಾಲುಗಳಲ್ಲಿ ಯಾವುದು ಅತಿ ಸಮೀಪವೆಂದು ಹುಡುಕುತ್ತದೆ. ಜೊತೆಗೆ ಕಾರ್ಡಿನ ಮೇಲಿನ ಹೆಸರನ್ನೂ ಕ್ರಮಸಂಖ್ಯೆಯನ್ನೂ ಓದಿ ಫಲಿತಾಂಶವನ್ನು ತಾಳೆ ನೋಡುತ್ತದೆ. ಇದರಿಂದ ಕಾರ್ಡಿನ ಹೆಸರು ಕ್ಷಣಾರ್ಧದಲ್ಲಿ ಸಿಗುತ್ತದೆ, ಮತ್ತು ಹೆಚ್ಚಿನ ವೇಳೆ ಸರಿಯಾಗಿಯೇ ಸಿಗುತ್ತದೆ. ಆದರೆ ಬೆಲೆಯನ್ನು ನಿರ್ಧರಿಸುವುದು ಹೆಸರಲ್ಲ, ಹೆಸರಿನ ಕೆಳಗೆ ಅಡಗಿರುವ ಸಣ್ಣ ವ್ಯತ್ಯಾಸಗಳು.

ಅಮೆರಿಕದಲ್ಲಿ 1999ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಇಂಗ್ಲಿಷಿನಲ್ಲಿ ಹೊರತಂದ 102 ಕಾರ್ಡುಗಳ ಮೊದಲ ಪೋಕೆಮಾನ್ ಸರಣಿಯಲ್ಲಿ 4ನೇ ಸಂಖ್ಯೆಯ ಚಾರಿಜಾರ್ಡ್ ಕಾರ್ಡನ್ನು ಇದಕ್ಕೆ ಉತ್ತಮ ನಿದರ್ಶನವಾಗಿ ನೋಡಬಹುದು. ಮೊಟ್ಟಮೊದಲ ಮುದ್ರಣದ ಪ್ರತಿಗಳಲ್ಲಿ ಚಿತ್ರದ ಎಡ ಕೆಳಮೂಲೆಯ ಹತ್ತಿರ ಪ್ರಥಮ ಆವೃತ್ತಿಯ ಪುಟ್ಟ ಮುದ್ರೆಯಿದೆ. ಅದರ ನಂತರದ ಒಂದು ಮುದ್ರಣದಲ್ಲಿ ಆ ಮುದ್ರೆಯಿಲ್ಲ, ಚಿತ್ರದ ಚೌಕಟ್ಟಿನ ಬಲಬದಿಗೆ ನೆರಳಿನ ಗೆರೆಯೂ ಇಲ್ಲ. ವಿಪುಲವಾಗಿ ಅಚ್ಚಾದ ಸಾಮಾನ್ಯ ಮುದ್ರಣದಲ್ಲಿ ಮಾತ್ರ ಆ ನೆರಳು ಕಾಣಿಸುತ್ತದೆ. 2021ರಲ್ಲಿ 25ನೇ ವರ್ಷದ ನೆನಪಿಗಾಗಿ ಅದೇ ಚಿತ್ರವನ್ನು ಅದೇ 4/102 ಸಂಖ್ಯೆಯೊಂದಿಗೆ ಮರುಮುದ್ರಿಸಿದಾಗ ವ್ಯತ್ಯಾಸವಾಗಿ ಉಳಿದದ್ದರಲ್ಲಿ ಮುಖ್ಯವಾದುದು ವಾರ್ಷಿಕೋತ್ಸವದ ಒಂದು ಚಿಕ್ಕ ಗುರುತು. ಪ್ರಥಮ ಆವೃತ್ತಿಯ ದೋಷರಹಿತ ಪ್ರತಿಯೊಂದು 2022ರಲ್ಲಿ 4,20,000 ಡಾಲರಿಗೆ ಹೋಯಿತು. ಸಾಮಾನ್ಯ ಮುದ್ರಣದ ಸವೆದ ಪ್ರತಿಗೆ ಸಿಗುವುದು ಕೆಲವು ನೂರು ಡಾಲರ್. ಹೊಳೆಯುವ ಫಾಯಿಲಿನ ಮೇಲೆ ದೀಪದ ಬೆಳಕು ಬಿದ್ದು ಆ ಮುದ್ರೆಯೋ ನೆರಳೋ ಮಸುಕಾದರೆ, ಇಡೀ ಚಿತ್ರದ ಸಾಮ್ಯವನ್ನೇ ನೆಚ್ಚಿಕೊಂಡ ಯಂತ್ರ ಸಾವಿರಾರು ಡಾಲರುಗಳಷ್ಟು ತಪ್ಪು ಹೇಳಬಲ್ಲದು. ಮ್ಯಾಜಿಕ್ ಆಟದ ಮೊದಲೆರಡು ಮುದ್ರಣಗಳಾದ ಆಲ್ಫಾ ಮತ್ತು ಬೀಟಾಗಳನ್ನಂತೂ ಮುಖ್ಯವಾಗಿ ಮೂಲೆಗಳ ದುಂಡನೆಯ ಪ್ರಮಾಣದಿಂದಲೇ ಬೇರ್ಪಡಿಸಬೇಕಾಗುತ್ತದೆ.

ಗುರುತು ಖಚಿತವಾದ ಮೇಲೆ ಕಾರ್ಡಿನ ಸ್ಥಿತಿಯ ಪ್ರಶ್ನೆ ಬರುತ್ತದೆ. ಅಮೆರಿಕದ ಪಿಎಸ್‌ಎ ಮೊದಲಾದ ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಹಿಂದಿರುಗಿಸುವ ಕ್ರಮಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಜನಪ್ರಿಯ ಕಾರ್ಡುಗಳಲ್ಲಿ 9 ಮತ್ತು 10ರ ನಡುವಿನ ಒಂದೇ ಅಂಕ ಬೆಲೆಯನ್ನು ಹಲವು ಪಟ್ಟು ಏರಿಸುತ್ತದೆ. ಈ ಪರೀಕ್ಷೆಯ ನಾಲ್ಕು ಅಂಗಗಳಾದ ಮೂಲೆ, ಅಂಚು, ಮೇಲ್ಮೈ, ಚಿತ್ರದ ಕೇಂದ್ರೀಯತೆಗಳ ಪೈಕಿ ಕೊನೆಯದು, ಎಂದರೆ ಎದುರುಬದುರು ಅಂಚುಪಟ್ಟಿಗಳು ಎಷ್ಟು ಸಮನಾಗಿವೆಯೆಂಬುದು, ಶುದ್ಧ ಅಳತೆಯ ವಿಷಯವಾದ್ದರಿಂದ ಕಂಪ್ಯೂಟರ್ ಅದನ್ನು ಮನುಷ್ಯರ ಕಣ್ಣಿಗಿಂತ ನಿಖರವಾಗಿ ಮಾಡುತ್ತದೆ. ಮೇಲ್ಮೈಯ ಕೂದಲೆಳೆಯಷ್ಟು ಸಣ್ಣ ಗೀರು, ನಸು ಮಡಿಕೆಗಳಾದರೋ ಬೆಳಕನ್ನು ಓರೆಯಾಗಿ ಬಿಟ್ಟಾಗಲಷ್ಟೇ ಎದ್ದು ಕಾಣುವಂಥವು. ಮೇಲಿನಿಂದ ತೆಗೆದ ಒಂದೇ ಮೊಬೈಲ್ ಚಿತ್ರವನ್ನು ನೋಡಿ ಆ್ಯಪ್ ಕೊಡುವ ಅಂಕವನ್ನು ಊಹೆಯೆಂದೇ ತಿಳಿಯಬೇಕು.

ಬೆಲೆಯ ಅಂದಾಜಿಗೆ ಆಧಾರ ಹಿಂದಿನ ಮಾರಾಟಗಳ ದಾಖಲೆ. ಮಾರುವವರು ಕೇಳುತ್ತಿರುವ ಬೆಲೆ ಬೇರೆ, ಕೊಂಡವರು ವಾಸ್ತವವಾಗಿ ತೆತ್ತ ಬೆಲೆ ಬೇರೆ. ಇವೆರಡನ್ನು ಬೆರೆಸುವ ಸಾಧನವನ್ನು ನಂಬಲಾಗದು. ವಾರಕ್ಕೆ ಹತ್ತಾರು ಪ್ರತಿ ಮಾರಾಟವಾಗುವ ಕಾರ್ಡಿನ ಸರಾಸರಿಗೆ ಅರ್ಥವಿದೆ, ವರ್ಷಕ್ಕೊಮ್ಮೆ ಹರಾಜಿಗೆ ಬರುವ ಕಾರ್ಡಿನದಕ್ಕೆ ಇಲ್ಲ. ಮಾರಾಟದ ದಾಖಲೆಗಳಿಗೆ ಸಂಪರ್ಕವಿಲ್ಲದ ಸಾಮಾನ್ಯ ಚಾಟ್‌ಬಾಟ್‌ಗಳು ಚಿತ್ರ ನೋಡಿ ಹೇಳುವ ಮೊತ್ತ ಎಷ್ಟೇ ಆತ್ಮವಿಶ್ವಾಸದ ಧಾಟಿಯಲ್ಲಿದ್ದರೂ ಅದಕ್ಕೆ ಬುಡವಿರುವುದಿಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮಕ್ಕಳೂ ಆಡಿದ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು, ಚೂಯಿಂಗ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳು ಇಂಥ ದಾಖಲೆಗಳಲ್ಲಿ ವಿರಳ. ಆದ್ದರಿಂದ ಅವುಗಳಿಗೆ ಯಂತ್ರ ಶೂನ್ಯ ಬೆಲೆ ತೋರಿಸಿದರೆ ಅದರ ಅರ್ಥ ಮಾಹಿತಿಯಿಲ್ಲವೆಂದಷ್ಟೇ, ಅವು ನಿಷ್ಪ್ರಯೋಜಕವೆಂದಲ್ಲ.

ಕೊನೆಯ ಪ್ರಶ್ನೆ ನಂಬಿಕೆಯದು. ಪೋಕೆಮಾನ್ ಕಾರ್ಡುಗಳ ಆರಂಭದ ದಿನಗಳ ಮಾದರಿಗಳೆಂದು ಪ್ರಮಾಣಪತ್ರ ಪಡೆದು ಭಾರೀ ಬೆಲೆಗೆ ಮಾರಾಟವಾಗಿದ್ದ ಕೆಲವು ಪ್ರತಿಗಳು 2024ರಲ್ಲಿ ಮುದ್ರಿತವಾದವೆಂಬುದನ್ನು, ಬಣ್ಣದ ಮುದ್ರಣಯಂತ್ರಗಳು ಕಾಗದದ ಮೇಲೆ ಬಿಡುವ, ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳ ಸಂಕೇತವನ್ನು ಓದಿ 2025ರ ಆರಂಭದಲ್ಲಿ ಹೊರಗೆಳೆದವರು ಸಂಗ್ರಾಹಕರೇ. ಪಿಎಸ್‌ಎ 1991ರಲ್ಲಿ 8 ಅಂಕ ಕೊಟ್ಟ, ವ್ಯಾಗ್ನರ್ ಕಾರ್ಡಿನ ಮತ್ತೊಂದು ಪ್ರಸಿದ್ಧ ಪ್ರತಿಯ ಅಂಚನ್ನು ಅದಕ್ಕೂ ಮೊದಲೇ ಕತ್ತರಿಸಲಾಗಿತ್ತೆಂಬುದನ್ನು ಹರಾಜುದಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಪ್ರಕರಣದಲ್ಲಿ ಒಪ್ಪಿಕೊಂಡರು. ಪಿಎಸ್‌ಎಯ ಮಾತೃಸಂಸ್ಥೆ 2021ರಲ್ಲಿ ಜೆನಮಿಂಟ್ ಎಂಬ ಕಂಪನಿಯನ್ನು ಕೊಂಡುಕೊಂಡದ್ದು ಇಂಥ ಕೈಚಳಕವನ್ನು ಯಂತ್ರದಿಂದ ಹಿಡಿಯುವ ಸಲುವಾಗಿ: ಪ್ರತಿ ಕಾರ್ಡಿನ ರಟ್ಟು ಮತ್ತು ಮುದ್ರಣದ ಸೂಕ್ಷ್ಮ ವಿಶೇಷಗಳನ್ನು ಬೆರಳಚ್ಚಿನಂತೆ ದಾಖಲಿಸಿಟ್ಟರೆ, ಅದೇ ಕಾರ್ಡು ಅಂಚು ಕತ್ತರಿಸಿಕೊಂಡೋ ಬಣ್ಣ ತುಂಬಿಸಿಕೊಂಡೋ ಮರಳಿ ಬಂದಾಗ ಹಳೆಯ ಚಿತ್ರದೊಡನೆ ಹೋಲಿಸಿ ಬದಲಾವಣೆಯನ್ನು ತೋರಿಸಬಹುದು. ಮೊದಲ ಚಿತ್ರ ತೆಗೆಯುವ ಮುನ್ನವೇ ತಿದ್ದಲ್ಪಟ್ಟ ಕಾರ್ಡಿಗೆ ಮಾತ್ರ ಈ ಹೋಲಿಕೆ ಅನ್ವಯಿಸದು. ಅಲ್ಲಿ ಇಂದಿಗೂ ಭೂತಗನ್ನಡಿ, ಅಳತೆಪಟ್ಟಿ ಮತ್ತು ಆ ಕಾಲದ ಕಾಗದವನ್ನು ಬಲ್ಲ ಕೈಗಳೇ ಬೇಕಾಗುತ್ತವೆ.